ಬ್ರೇಕ್ ಕಲ್ಲಾಗಿತ್ತು, ನನ್ನ ತಂಗಿಗೆ ಗಾಬರಿಯಾಗಿರಲಿಲ್ಲ

ವಾಹನ ಸುರಕ್ಷತಾ ಕಚೇರಿಯ ಮುಖ್ಯಸ್ಥರೆನಿಸಿಕೊಂಡ ಮಾನ್ಯರೇ,

ನನ್ನ ತಂಗಿ ಬ್ರೇಕ್ ಒತ್ತುವ ಬದಲು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದಳು ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಇದು ಸುಳ್ಳು. ಆ ಪದ ಕಿವಿಗೆ ಒರಟಾಯಿತೆಂದರೆ ಹೇಳಿ, ಇಸ್ತ್ರಿ ಮಾಡಿ ಕೊಡುತ್ತೇನೆ; ನಾನು ಡ್ರೈಕ್ಲೀನಿಂಗ್ ಅಂಗಡಿ ನಡೆಸುವವಳು, ಸುಕ್ಕು ತೆಗೆಯುವುದೇ ನನ್ನ ಕಸುಬು. ಆದರೆ ಎಷ್ಟು ಇಸ್ತ್ರಿ ಹಾಕಿದರೂ ಸುಳ್ಳು ಸುಳ್ಳಾಗಿಯೇ ಉಳಿಯುತ್ತದೆ, ಮಡಿಕೆ ಮಾತ್ರ ನೀಟಾಗುತ್ತದೆ. ತಮಗೆ ಖಾಸಗಿಯಾಗಿ ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದ್ದರಿಂದ ಈ ಸಲ ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ತಂಗಿ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು, ಇಂಥವರ ಮನೆಗಳಿಗೇ ಹೋಗಿ ಅವರ ಕೈಕಾಲಿಗೆ ಮರೆತುಹೋದ ಕೆಲಸವನ್ನು ಮತ್ತೆ ಕಲಿಸುತ್ತಾಳೆ. ಮಡಚುವ ಮಂಚ, ರಬ್ಬರ್ ಪಟ್ಟಿ, ದೊಡ್ಡ ಚೆಂಡು ಎಲ್ಲವನ್ನೂ ಸ್ಕೂಟರಿಗೆ ಕಟ್ಟಿಕೊಂಡು ಅಲೆದು ಸಾಕಾಗಿ ಕಾರು ಕೊಳ್ಳಲು ಹೊರಟಳು. ಜೊತೆಗೆ ಹೋದವಳು ನಾನು. ಷೋರೂಮಿನ ಸೇಲ್ಸ್‌ಮನ್ ನಮಗೆ ದೀಪವಿರುವ ಕನ್ನಡಿ ತೋರಿಸಿದ, ಲೋಟ ಇಡುವ ಗುಳಿ ತೋರಿಸಿದ, ಸೀಟಿನ ಬಟ್ಟೆಯ ಬಣ್ಣಗಳನ್ನು ತೋರಿಸಿದ. ಬ್ರೇಕಿನ ಬಗ್ಗೆ ತುಟಿ ಬಿಚ್ಚಲಿಲ್ಲ.

"ಹೆಂಗಸರಿಗೆ ಅಂತ್ಲೇ ಹೇಳಿ ಮಾಡಿಸಿದ ಗಾಡಿ ಮೇಡಂ. ಗೇರಿನ ತಲೆನೋವಿಲ್ಲ, ಕ್ಲಚ್ಚಿಲ್ಲ. ಇರೋದೇ ಎರಡು ಪೆಡಲ್. ತಪ್ಪು ಮಾಡ್ಬೇಕು ಅಂದ್ರೂ ಆಗಲ್ಲ" ಎಂದ.

"ತಪ್ಪು ಮಾಡೋದು ಹೆಂಗಸರೇ ಅಂತ ನಿಮಗೆ ಯಾರು ಹೇಳಿದ್ದು?" ಎಂದು ತಂಗಿ ಕೇಳಿದಳು. ಅವನು ಹಲ್ಲು ಕಿರಿದ. ಆದರೂ ಅದನ್ನೇ ಕೊಂಡಳು. ಹಿಂದಿನ ಸೀಟು ಮಡಚಿದರೆ ಅವಳ ಮಂಚ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತಿತ್ತು.

ಗಮನಿಸಿ ಮಾನ್ಯರೇ. ಮಾರುವಾಗ, ಎರಡೇ ಪೆಡಲ್ ಇರುವುದರಿಂದ ತಪ್ಪಾಗುವುದಿಲ್ಲ. ಗುದ್ದಿದ ಮೇಲೆ, ಎರಡೇ ಪೆಡಲ್ ಇರುವುದರಿಂದ ಹೆಂಗಸರಿಗೆ ಅದಲುಬದಲಾಗುತ್ತದೆ. ಎರಡನ್ನೂ ಹೇಳಿದ್ದು ಅದೇ ಕಂಪನಿ. ಎರಡನೆಯದನ್ನು ನಂಬಿದ್ದು ತಾವು.

ಅಂದು ಬೆಳಿಗ್ಗೆ ತಂಗಿ ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೊರಟಿದ್ದಳು. ಆಸ್ಪತ್ರೆಯ ಹಿಂದಿನ ಇಳಿಜಾರು ರಸ್ತೆ, ಎರಡೂ ಕಡೆ ಅಂಗಡಿಸಾಲು, ಆಫೀಸಿನ ಹೊತ್ತು. ಒಂದಡಿ ಮುಂದೆ, ಬ್ರೇಕ್. ಮತ್ತೊಂದಡಿ, ಮತ್ತೆ ಬ್ರೇಕ್. ಹೀಗೆ ಇಳಿಯುತ್ತಿದ್ದಾಗ ಪೆಡಲ್ ಬಿಗಿಯಾಗುತ್ತಾ ಬಂತು. ಮುಂದಿದ್ದ ವ್ಯಾನು ಹೋಗಿ ದಾರಿ ತೆರೆಯಿತು, ಕಾರು ಇಳಿಜಾರಿಗೆ ವೇಗ ಹಿಡಿಯಿತು. ಕೆಳಗೆ ಜನ ರಸ್ತೆ ದಾಟುತ್ತಿದ್ದರು. ಅವಳು ಬ್ರೇಕ್ ಒತ್ತಿದಳು.

"ಅಕ್ಕಾ, ಗೋಡೆ ಒದ್ದ ಹಾಗಾಯ್ತು. ಎರಡೂ ಕಾಲಿಟ್ಟು ಅದರ ಮೇಲೆ ನಿಂತೇಬಿಟ್ಟೆ. ಒಳಗೇ ಹೋಗ್ಲಿಲ್ಲ" ಎಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹೇಳಿದಳು.

ದಾಟುತ್ತಿದ್ದವರ ಮೇಲೆ ಹೋಗಬಾರದೆಂದು ಸ್ಟೀರಿಂಗ್ ತಿರುಗಿಸಿದಳು. ಕಾರು ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿ ಕಬ್ಬಿಣದ ಕಂಬಕ್ಕೆ ಗುದ್ದಿ ನಿಂತಿತು. ಕಂಬದ ಆಚೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಿಪೇರಿಯವರು ಕುಳಿತಿದ್ದರು. ಅವರಿಗೆ ಏನೂ ಆಗಲಿಲ್ಲ. ತಂಗಿಯ ಬಲಗೈ ಮಣಿಕಟ್ಟು ಮುರಿಯಿತು. ಬೆರಳ ತುದಿಯಲ್ಲೇ ಅನ್ನ ದುಡಿಯುವವಳ ಮಣಿಕಟ್ಟು ಅದು, ಮಾನ್ಯರೇ. ಪರರ ಕೈಗೆ ಲೋಟ ಹಿಡಿಯುವುದನ್ನು ಕಲಿಸುತ್ತಿದ್ದವಳು ಈಗ ತನ್ನದೇ ಕೈಗೆ ಕಲಿಸುತ್ತಿದ್ದಾಳೆ.

ತನಿಖೆಯಾಯಿತು. ಕಾರನ್ನು ಪರೀಕ್ಷಿಸಿದವರು ಯಾರು? ಅದನ್ನು ಮಾಡಿ ಮಾರಿದ ಕಂಪನಿಯವರು. ಕುರಿ ಕಾಯಲು ತೋಳವನ್ನು ನೇಮಿಸಿ, ಸಂಜೆ ತೋಳವನ್ನೇ ಕರೆದು 'ಕುರಿಗಳೆಲ್ಲ ಕ್ಷೇಮವೇ?' ಎಂದು ವಿಚಾರಿಸಿದಂತಾಯಿತು. ಅವರು ಕಂಪ್ಯೂಟರ್ ಸಿಕ್ಕಿಸಿ ನೋಡಿದರಂತೆ, ದೋಷವೇನೂ ತೋರಿಸಲಿಲ್ಲವಂತೆ. ತಮ್ಮ ಕಚೇರಿ ಅದನ್ನೇ ಒಪ್ಪಿಕೊಂಡಿತು.

ತಂಗಿಯ ಕಾರಿನ ಹಿಂದೆಯೇ ಬರುತ್ತಿದ್ದವರು ಒಬ್ಬ ದಂತವೈದ್ಯೆ. ಆಸ್ಪತ್ರೆಗೆ ಕರೆತಂದವರೂ ಅವರೇ. "ನಿಮ್ಮ ತಂಗಿ ಬ್ರೇಕೇ ಒತ್ತಿದ್ರು. ಹಿಂದಿನ ಕೆಂಪು ದೀಪ ಹತ್ಕೊಂಡೇ ಇತ್ತು, ಕಂಬಕ್ಕೆ ಗುದ್ದೋವರೆಗೂ ಆರ್ಲಿಲ್ಲ. ಬೇಕಾದ್ರೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ" ಎಂದರು. ಬ್ರೇಕ್ ಒತ್ತದೆ ಆ ದೀಪ ಉರಿಯುವುದಿಲ್ಲ ಎಂಬುದು ಕಾರನ್ನು ಹಿಂದಿನಿಂದ ಮಾತ್ರ ನೋಡಿದವರಿಗೂ ಗೊತ್ತು. ಅವರ ಹೆಸರು, ವಿಳಾಸ, ಫೋನ್ ಎಲ್ಲವನ್ನೂ ತಮಗೆ ಕಳುಹಿಸಿದೆ. ಯಾರೂ ಅವರನ್ನು ಕೇಳಲಿಲ್ಲ. ಊರಿನವರ ಬಾಯಿಯನ್ನೆಲ್ಲ ತೆರೆಸುವ ದಂತವೈದ್ಯೆಯ ಬಾಯಿ ತೆರೆಸಲು ತಮಗೇಕೆ ಅಷ್ಟು ಅಂಜಿಕೆ?

ಮುರಿದ ಕೈಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ತಮ್ಮ ತೀರ್ಮಾನ. ಅದು ಬಂದ ಮೇಲೆ ಎಲ್ಲರೂ ಅವಳನ್ನು ಸಮಾಧಾನ ಮಾಡತೊಡಗಿದರು. ಅವಳ ಗಂಡ ಒಳ್ಳೆಯವನು. "ಇರ್ಲಿ ಬಿಡು, ಗಾಬರೀಲಿ ಯಾರಿಗಾದ್ರೂ ಆಗುತ್ತೆ" ಎಂದ. ನನ್ನ ಗಂಡ "ಇನ್ಮೇಲೆ ನಿಧಾನವಾಗಿ ಓಡಿಸಮ್ಮ" ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಕರುಣೆಯ ಜೊತೆ ಜಗಳವಾಡುವುದು ಹೇಗೆ? ಕೊನೆಗೊಂದು ದಿನ ಅಂಗಡಿಯಲ್ಲಿ ಕೋಟುಗಳ ಸಾಲಿನ ಮಧ್ಯೆ ಸ್ಟೂಲ್ ಹಾಕಿಕೊಂಡು ಕುಳಿತಿದ್ದವಳು ಮೆಲ್ಲಗೆ ಕೇಳಿದಳು: "ಅಕ್ಕಾ, ನಾನೇ ಒತ್ತಿದ್ನೇನೋ? ಈಗ ನನಗೂ ಸರಿಯಾಗಿ ನೆನಪಿಲ್ಲ." ಒಬ್ಬಳಿಗೆ ತನ್ನ ಕಾಲಿನ ಮೇಲೇ ನಂಬಿಕೆ ಹೋಗುವಂತೆ ಮಾಡಿದಿರಿ. ಇದಕ್ಕೆ ತಮ್ಮ ಕಾನೂನಿನಲ್ಲಿ ಏನನ್ನುತ್ತಾರೋ ನನಗೆ ತಿಳಿಯದು.

ಅಷ್ಟರಲ್ಲಿ ಕಾರು ರಿಪೇರಿಯಾಗಿ ಬಂತು. ನನಗೆ ಯಂತ್ರದ ವಿದ್ಯೆ ಗೊತ್ತಿಲ್ಲ. ಆದರೆ ಯಾವುದು ತೊಳೆದದ್ದು, ಯಾವುದು ತೊಳೆಯದ್ದು ಎಂಬುದು ದೂರದಿಂದಲೇ ಗೊತ್ತಾಗುತ್ತದೆ. ಬಾನೆಟ್ ಎತ್ತಿಸಿದೆ. ಮುಂದುಗಡೆ ಗುದ್ದಿದ್ದ ಭಾಗವೆಲ್ಲ ಹೊಸದು, ಸರಿ. ಆದರೆ ಹಿಂದೆ, ಪೆಟ್ಟೇ ಬೀಳದ ಮೂಲೆಯಲ್ಲಿ, ಧೂಳು ಹಿಡಿದ ಕೊಳವೆಗಳ ನಡುವೆ ಒಂದು ತುಂಡು ಮಾತ್ರ ಹೊಸ ಬೂಟಿನಂತೆ ಮಿರಮಿರ ಮಿಂಚುತ್ತಿತ್ತು.

"ಇದೇನು?" ಎಂದು ಕಾರು ತಂದುಕೊಟ್ಟ ಸರ್ವಿಸ್ ಅಡ್ವೈಸರನನ್ನು ಕೇಳಿದೆ.

"ಅದು ಬಿಲ್ಲಿಗೆ ಬರಲ್ಲ ಮೇಡಂ, ಫ್ರೀ. ಸಣ್ಣದೊಂದು ವಾಲ್ವ್. ಎಲ್ಲ ಗಾಡಿಗೂ ಹಾಕ್ತಿದ್ದೀವಿ."

"ಎಲ್ಲ ಗಾಡಿಗೂ? ಯಾಕೆ?"

ಅವನು ನಾಲಿಗೆ ಕಚ್ಚಿಕೊಂಡ. "ಅಂದ್ರೆ... ಸರ್ವಿಸಿಗೆ ಬಂದಿದ್ದಕ್ಕೆ."

"ಹಳೇದು ಕೊಡಿ ಮತ್ತೆ."

"ಅದು ಗುಜರಿಗೆ ಹೋಯ್ತು ಮೇಡಂ."

ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ, ಕೇಳಿ. ಗಿರಾಕಿ ತೋರಿಸದ ಕಲೆಯನ್ನು ಅಂಗಡಿಯವರು ಸದ್ದಿಲ್ಲದೆ, ಬಿಟ್ಟಿಯಾಗಿ ತೆಗೆದುಕೊಟ್ಟರೆ, ಆ ಕಲೆ ಮಾಡಿದವರು ಅಂಗಡಿಯವರೇ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಕಂಪನಿ ಹೆಗಲು ಒರೆಸಿಕೊಳ್ಳುತ್ತಿತ್ತು.

ನಮ್ಮ ಮೇಲಿನ ಮನೆಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಇದ್ದಾರೆ. ಅವರದೂ ಅದೇ ಕಾರು. ಮೊಣಕಾಲಿಗೆ ಶಕ್ತಿಯಿಲ್ಲ ಎಂದು ಅವರು ನನ್ನ ತಂಗಿಯ ಹತ್ತಿರವೇ ವ್ಯಾಯಾಮ ಕಲಿಯುತ್ತಿದ್ದರು. ಅವಳನ್ನು ನೋಡಲು ಬಂದವರು ಪೆಡಲಿನ ಕಥೆ ಕೇಳುತ್ತಾ ಕೇಳುತ್ತಾ ಕುರ್ಚಿಯಿಂದ ಎದ್ದೇಬಿಟ್ಟರು.

"ತಡಿಯಮ್ಮಾ. ಟ್ರಾಫಿಕ್ಕಲ್ಲಿ ನನ್ನ ಬ್ರೇಕೂ ಹಾಗೇ ಆಗುತ್ತಲ್ಲ! ಕಾರಲ್ಲಿ ಮಾತ್ರ ನನ್ನ ಮೊಣಕಾಲು ಕೈ ಕೊಡುತ್ತೆ ಅಂತ ನಿಂಗೆ ಹೇಳಿರ್ಲಿಲ್ವಾ?"

"ಹೇಳಿದ್ರಿ ಸರ್" ಎಂದಳು ತಂಗಿ. ಆ ನೋವಿನಲ್ಲೂ ಅವಳಿಗೆ ನಗು ಬಂತು. "ಮೆಟ್ಟಿಲು ಹತ್ತುವಾಗ ಏನೂ ಆಗಲ್ಲ, ಕಾರಲ್ಲೇ ಯಾಕೆ ಅಂತ ನಾನೂ ಯೋಚಿಸ್ತಿದ್ದೆ."

ಗಟ್ಟಿಮುಟ್ಟಾದ ಮೊಣಕಾಲನ್ನು ಆ ಹಿರಿಯರು ದಿನವೂ ಬಗ್ಗಿಸಿ ಎತ್ತಿ ದಂಡಿಸುತ್ತಿದ್ದರು. ರೋಗ ಇದ್ದದ್ದು ಕಾರಿಗೆ! ಬಹಳ ದಿನದಿಂದ ಅವರು ಕಂಪನಿಯ ಸರ್ವಿಸಿಗೆ ಹೋಗುವುದನ್ನು ಬಿಟ್ಟಿದ್ದರು. ಹಾಗಾಗಿ ಅವರ ಕಾರಿನಲ್ಲಿ ಹಳೆಯ ವಾಲ್ವೇ ಉಳಿದಿತ್ತು.

ಅದೇ ಕಾರಿನಲ್ಲಿ ನಾವು ಮೂವರೂ ಸರ್ವಿಸ್ ಸೆಂಟರಿಗೆ ಹೋದೆವು. ಹೆಡ್‌ಮೇಷ್ಟ್ರು ಅಡ್ವೈಸರನನ್ನು ಕರೆದು, ಬ್ರೇಕ್ ಪರೀಕ್ಷಿಸಬೇಕು, ನೀನೇ ಓಡಿಸು ಎಂದರು. ಅವನು ಯಥಾಪ್ರಕಾರ ಕಂಪ್ಯೂಟರ್ ಸಿಕ್ಕಿಸಲು ಹೋದ.

"ಕಂಪ್ಯೂಟರ್ ಏನಪ್ಪಾ ಓಡಿಸುತ್ತಾ ಕಾರನ್ನ? ಹತ್ತು, ಕೂತ್ಕೋ. ಬೆಲ್ಟ್ ಹಾಕ್ಕೋ" ಎಂದರು. ಆ ದನಿಗೆ ಎಷ್ಟು ಮಕ್ಕಳು ಬೆಂಚಿನ ಮೇಲೆ ನಿಂತಿದ್ದಾರೋ, ಅವನು ಬೆಲ್ಟ್ ಎಳೆದುಕೊಂಡು ಕುಳಿತ.

ಮುಚ್ಚಿಹೋದ ಗಿರಣಿಯ ಹಿಂದಿನ ಇಳಿಜಾರಿಗೆ ಹೋದೆವು. ಅಲ್ಲಿ ಎದುರಿಗೆ ಬರುವವರಾರೂ ಇಲ್ಲ. ಕೊನೆಯಲ್ಲಿ ಮರಳಿನ ದಿಬ್ಬ. ಹೆಡ್‌ಮೇಷ್ಟ್ರು ಪಕ್ಕದಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕುಳಿತರು. ನಾನೂ ತಂಗಿಯೂ ಹಿಂದೆ. ಟ್ರಾಫಿಕ್ಕಿನಲ್ಲಿ ಇಳಿಯುವಂತೆ ಒತ್ತು, ಬಿಡು, ಮತ್ತೆ ಒತ್ತು ಎಂದು ಅವರು ಪಾಠ ಮಾಡುತ್ತಾ ಹೋದರು. ಮೊದಮೊದಲು ಅವನು "ನೋಡಿ ಸರ್, ಬೆಣ್ಣೆ ಥರ ಹಿಡಿಯುತ್ತೆ" ಎನ್ನುತ್ತಿದ್ದ. ಆಮೇಲೆ ಮಾತು ನಿಂತಿತು. ಆಮೇಲೆ ಸೀಟಿನಿಂದ ಅರ್ಧ ಎದ್ದ.

"ಸರ್! ಸರ್, ಎಳೀರಿ! ಹಿಡೀತಿಲ್ಲ, ಎಳೀರಿ!"

ಹೆಡ್‌ಮೇಷ್ಟ್ರು ಎಳೆದರು. ಕಾರು ಕಿರುಚಿ, ಮರಳಿಗೆ ಮೂತಿಯಿಟ್ಟು ನಿಂತಿತು. ನನ್ನ ತೋಳನ್ನು ತಂಗಿ ಎಡಗೈಯಲ್ಲಿ ಹಿಡಿದಿದ್ದ ಗುರುತು ಸಂಜೆಯವರೆಗೂ ಇತ್ತು. ಎಲ್ಲರೂ ಉಸಿರು ಬಿಟ್ಟ ಮೇಲೆ ಅವಳು ಮುಂದಕ್ಕೆ ಬಾಗಿ, ರೋಗಿಗಳನ್ನು ವಿಚಾರಿಸುವ ಅದೇ ಮೆದು ದನಿಯಲ್ಲಿ ಕೇಳಿದಳು:

"ಈಗ ನೀವು ಯಾವ ಪೆಡಲ್ ಒತ್ತಿದ್ರಿ?"

ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಗ್ಗಿ ತನ್ನ ಕಾಲನ್ನು ನೋಡಿಕೊಂಡು, "ಬ್ರೇಕೇ ಮೇಡಂ" ಎಂದ.

ತಂಗಿ ಅತ್ತಳು. ಅಪಘಾತವಾದಂದಿನಿಂದ ಅತ್ತಿರಲಿಲ್ಲ.

ಹಿಂದಿರುಗುವಾಗ ಅವನೇ ವಿವರಿಸಿದ. ಎಂಜಿನ್ ಗಾಳಿ ಹೀರಿ ಬ್ರೇಕಿಗೆ ಬಲ ಕೊಡುತ್ತದೆ. ಆ ಬಲ ಸೋರಿಹೋಗದಂತೆ ತಡೆಯುವುದು ಈ ವಾಲ್ವ್. ಅದು ಕೆಟ್ಟರೆ ನಾಲ್ಕಾರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. "ಬದಲಾಯಿಸಿ, ಗಿರಾಕಿಗೆ ಹೇಳ್ಬೇಡಿ ಅಂತ ಮೇಲಿಂದ ಹೇಳಿದ್ದಾರೆ ಸರ್. ನನ್ನ ಹೆಸರು ಮಾತ್ರ ಎತ್ತಬೇಡಿ" ಎಂದ. ಎತ್ತಿಲ್ಲ. ಹಳೆಯ ವಾಲ್ವ್ ಕೈಗೆ ಬರುವವರೆಗೆ ಹೆಡ್‌ಮೇಷ್ಟ್ರು ವರ್ಕ್‌ಶಾಪಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು, ಏಳಲಿಲ್ಲ. ಅದೀಗ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಹೆಬ್ಬೆರಳಿನಷ್ಟು ವಸ್ತು. ಒಂದೇ ಕಡೆಗೆ ಗಾಳಿ ಬಿಡಬೇಕಾದದ್ದು, ಊದಿದರೆ ಎರಡೂ ಕಡೆಗೆ ಬಿಡುತ್ತದೆ.

ಇದನ್ನೆಲ್ಲ ತಮಗೆ ಬರೆದೆ. ತಮ್ಮ ಉತ್ತರ ಒಂದೇ ಸಾಲು: 'ಸದರಿ ಪ್ರಕರಣವನ್ನು ಈಗಾಗಲೇ ಮುಕ್ತಾಯಗೊಳಿಸಲಾಗಿದೆ.' ಕಂಪನಿಯವರು ತಮ್ಮ ಕಚೇರಿಯಿಂದ ಪಾಠ ಕಲಿಯಬೇಕು ಮಾನ್ಯರೇ. ಕೆಡದ ವಾಲ್ವ್ ಎಂದರೆ ತಮ್ಮದು. ದೂರು ಒಳಗೆ ಹೋಗುತ್ತದೆ, ಏನು ಮಾಡಿದರೂ ಹೊರಗೆ ಏನೂ ಬರುವುದಿಲ್ಲ.

ನಾನು ಸಂಶಯದ ಹೆಂಗಸು, ಒಪ್ಪುತ್ತೇನೆ. ಜೇಬು ತಡಕದೆ ಯಾರ ಪ್ಯಾಂಟನ್ನೂ ನೀರಿಗೆ ಹಾಕಿದವಳಲ್ಲ. ಅದೇ ಕಂಪನಿಯ ಹೊಸ ಷೋರೂಮಿನ ಬಾಗಿಲಲ್ಲಿ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸುತ್ತಿರುವ ತಮ್ಮ ಫೋಟೋ ಪತ್ರಿಕೆಯಲ್ಲಿ ನೋಡಿದೆ. ಅದು ಬಂದ ವಾರವೇ ನಮ್ಮ ಪ್ರಕರಣ ಮುಕ್ತಾಯವಾಯಿತು. ಕಾಕತಾಳೀಯವೇ ಇರಬಹುದು. ಹಾಗಾದರೆ ಕಾಗೆಯನ್ನು ಕೂರಿಸಿದವರು ಯಾರು, ಮರವನ್ನು ಅಲ್ಲಾಡಿಸಿದವರು ಯಾರು, ಎಂದು ಕೇಳುವುದು ತಪ್ಪೇ? ಈ ವಾಲ್ವಿನ ವಿಷಯ ತಮಗೆ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಸುಮ್ಮನಿದ್ದಿರೇ? ಗೊತ್ತಿರಲಿಲ್ಲವೆಂದರೆ ತಾವು ಅಲ್ಲಿರುವುದೇಕೆ? ಗೊತ್ತಿತ್ತೆಂದರೆ ಇನ್ನೂ ಅಲ್ಲಿರುವುದೇಕೆ?

ತಂಗಿ ಈಗ ರೋಗಿಗಳ ಮನೆಗೆ ಬಾಡಿಗೆ ಕಾರಿನಲ್ಲಿ ಹೋಗುತ್ತಾಳೆ. ಹಿಂದಿನ ಸೀಟಿನಲ್ಲಿ ಕುಳಿತರೂ ಇಳಿಜಾರು ಬಂದರೆ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಹೋದ ವಾರ ತನ್ನ ಕಾರಿನಲ್ಲಿ ಕುಳಿತು, ನಿಂತಲ್ಲೇ ಬ್ರೇಕ್ ಒತ್ತಿ ಒತ್ತಿ ನೋಡಿ ಇಳಿದು ಬಂದಳು. "ನಾಳೆ ನೋಡೋಣ" ಎಂದಳು. ಅವಳಿಗೆ ನಾಳೆ ಇದೆ. ಉಳಿದವರ ಗತಿಯೇನು?

ನಿನ್ನೆ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಪಕ್ಕಕ್ಕೇ ಅದೇ ಕಾರು ಬಂದು ನಿಂತಿತು. ಓಡಿಸುತ್ತಿದ್ದವಳು ನನ್ನ ತಂಗಿಯ ವಯಸ್ಸಿನವಳು. ಹಿಂದೆ ಇಬ್ಬರು ಮಕ್ಕಳು ಯಾವುದಕ್ಕೋ ಕಿತ್ತಾಡುತ್ತಿದ್ದರು. ನಾನು ಗಾಜು ತಟ್ಟಿದೆ. ಅವಳು ಒಂದು ಬೆರಳಿನಷ್ಟು ಇಳಿಸಿದಳು.

"ಅಮ್ಮಾ, ನಿಮ್ಮ ಬ್ರೇಕ್ ಒಂದೊಂದ್ಸಲ ಗಟ್ಟಿಯಾಗುತ್ತಾ?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಗಾಜು ಏರಿಸಿದಳು. ನಾನಾಗಿದ್ದರೂ ಏರಿಸುತ್ತಿದ್ದೆ. ಹಸಿರು ದೀಪ ಬಂತು, ಅವಳು ಆಸ್ಪತ್ರೆಯ ಇಳಿಜಾರಿನ ಕಡೆಗೇ ಹೊರಳಿದಳು.

ಆ ಗಾಜು ತಟ್ಟಬೇಕಾದವರು ತಾವು. ಆ ಮಾದರಿಯ ಪ್ರತಿಯೊಂದು ಕಾರನ್ನೂ ಹೆಸರು ಹಿಡಿದು, ಎಲ್ಲರಿಗೂ ಕೇಳುವಂತೆ ವಾಪಸು ಕರೆಸಿ. ಏಕೆ ಕರೆಸುತ್ತಿದ್ದೀರಿ ಎಂಬುದನ್ನು ಬಾಯಿಬಿಟ್ಟು ಹೇಳಿಸಿ. ನನ್ನ ತಂಗಿಯ ಮೇಲೆ ಹೊರಿಸಿದ 'ಗಾಬರಿ'ಯನ್ನು ಇಳಿಸಿ. ಸಂಶಯವಿದ್ದರೆ ಹೆಡ್‌ಮೇಷ್ಟ್ರ ಕಾರಿಗೆ ಆ ಹಳೆಯ ವಾಲ್ವನ್ನೇ ಮತ್ತೆ ಹಾಕಿಸುತ್ತೇವೆ. ಗಿರಣಿಯ ಇಳಿಜಾರಿನಲ್ಲಿ ಬಂದು ತಾವೇ ಓಡಿಸಿ. ಹ್ಯಾಂಡ್‌ಬ್ರೇಕ್ ಹಿಡಿಯಲು ಅವರು ಸಿದ್ಧರಿದ್ದಾರೆ.

ಇಂತಿ,
ಸಿಗ್ನಲ್ಲಿನಲ್ಲಿ ಅಪರಿಚಿತರ ಕಾರಿನ ಗಾಜು ತಟ್ಟುವ ಹುಚ್ಚಿ ಎಂದು ಹೆಸರಾಗುತ್ತಿರುವ,
ಡ್ರೈಕ್ಲೀನಿಂಗ್ ಅಂಗಡಿಯವಳು