ಬಿಟ್ಟಡವಿಯ ಬಾವಿಗಳು

ಮರಡಿಗೇರಿ
ಕೊನೆಯ ಕೂರಿಗೆ ನಿಂತ ಮೇಲಿನ ನೂರಾ ಹನ್ನೊಂದನೇ ವರ್ಷ, ಸೀಗೆ ಹುಣ್ಣಿಮೆಯ ಮರುದಿನ

ಹೊಲ ಬೀಳುಬಿಟ್ಟು, ಊರು ತೊರೆಯಲು ಗಂಟು ಕಟ್ಟುತ್ತಿರುವ ಹಿರಿಯರೇ,

ಹಿರಿಯರೇ ಅನ್ನಲು ನನಗೆ ಮುಜುಗರ. ನನಗೆ ಎಪ್ಪತ್ತು ದಾಟಿದೆ, ನೀವಿನ್ನೂ ಕರಿಗೂದಲಿನವರು. ಆದರೂ ನೀವು ನನ್ನ ಮುತ್ತಜ್ಜನ ಕಾಲದವರು, ಏನು ಮಾಡಲಿ. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಊರಲ್ಲಿ ಕೊನೇ ಸಲ ಕೂರಿಗೆ ಹೂಡಿ ಬಿತ್ತಿದ ವರ್ಷದಿಂದ ನಾವು ಎಣಿಸುತ್ತೇವೆ. ನಮ್ಮ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಒರಟು ಅನ್ನಿಸಿದರೆ ಕ್ಷಮೆ ಕೇಳುವುದಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು, ದ್ಯಾಮಪ್ಪ. ಸುತ್ತಿ ಬಳಸಿ ಬರೆಯುವುದನ್ನು ಯಾರೂ ಕಲಿಸಲಿಲ್ಲ.

ನೀವು ಬಿಟ್ಟ ಹೊಲ ಈಗ ಅಡವಿ. ಬಿಟ್ಟಡವಿ ಅನ್ನುತ್ತೇವೆ. ಮೊದಲು ಬಳ್ಳಾರಿ ಜಾಲಿ ಬಂದು ಕೂತಿತಂತೆ, ಬೈದರೂ ಏಳದ ನೆಂಟನ ಹಾಗೆ. ಅದರ ಮೇಲೆ ಕೂತ ಹಕ್ಕಿಗಳು ಬೇವಿನ ಬೀಜ, ಬಾರಿ ಬೀಜ ಉದುರಿಸಿದವು. ಆಮೇಲೆ ಮುತ್ತುಗ, ಕಮರ, ಸೀತಾಫಲ ಎದ್ದವು. ನಿಮ್ಮ ಮೊಮ್ಮಕ್ಕಳು ಮರಳಿ ಬಂದದ್ದು ಈ ಅಡವಿಗೇ. ಈಗ ನಮಗೆ ಹೊಲವಿಲ್ಲ, ನೆರಳುಪಾಲು ಇದೆ. ಯಾವ ಮರಗಳ ನೆರಳು ಯಾವ ಮನೆಗೆ ಅಂತ ಯುಗಾದಿಗೆ ಹಂಚುತ್ತಾರೆ. ಅದರಡಿ ಸಿಗುವ ಹಣ್ಣು, ಜೇನು, ಸೌದೆ, ಆಡಿಗೆ ಹಾಕುವ ಜಾಲಿಕಾಯಿ, ಅದೇ ನಮ್ಮ ಫಸಲು. ಹೊತ್ತು ಏರಿದಂತೆ ನೆರಳು ಪಕ್ಕದವರ ಪಾಲಿಗೆ ಸರಿಯುತ್ತೆ, ಹಿಂದೆಯೇ ಜಗಳವೂ ಸರಿಯುತ್ತೆ. ದೂರದಿಂದ ನೋಡಲು ಬರುವ ಓದಿದವರು, ಅಡವಿ ತಾನಾಗೇ ಮರಳಿ ಬಂತಲ್ಲ ಅಂತ ಕೈಮುಗಿದು ನಿಲ್ಲುತ್ತಾರೆ. ನಿಲ್ಲುವುದು ಊರ ಅಂಚಿನಲ್ಲೇ. ಒಳಗೆ ಕಾಲಿಡುವುದಿಲ್ಲ.

ಯಾಕೆಂದರೆ ಒಳಗೆ ನಿಮ್ಮ ಬಾವಿಗಳಿವೆ. ದೊಡ್ಡ ಬಾವಿ ದೂರದಿಂದಲೇ ಕಾಣುತ್ತೆ; ಕೊಡ ಇಳಿಬಿಡುತ್ತಿದ್ದ ಸಣ್ಣ ಬಾಯಿಯವೇ ಯಮ. ಊರು ಬಿಡುವ ದಿನ ನೀವು ಬಾವಿಯೊಳಗಿನ ತಾಯಿ ಗಂಗವ್ವನಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ಬಿಟ್ಟು, ಕಾಯಿ ಒಡೆದು, ಅತ್ತು ಹೋದಿರಂತೆ. ಬಾವಿ ಮುಚ್ಚಿದರೆ ಪಾಪ, ತಾಯಿಯ ಉಸಿರು ಕಟ್ಟುತ್ತೆ ಅಂದಿರಂತೆ. ಭಕ್ತಿಗೇನೂ ಕಡಿಮೆಯಾಗಲಿಲ್ಲ. ಬದುವಿನ ತುಂಬ ಕಲ್ಲು ಬಿದ್ದಿತ್ತು, ನಾಲ್ಕು ಎತ್ತಿ ಸುತ್ತ ಇಡುವುದು ಮಾತ್ರ ಯಾರಿಗೂ ತೋಚಲಿಲ್ಲ. ಈಗ ಲಂಟಾನ ಹೆಣೆದು, ಬಳ್ಳಿ ಹಾಸಿ, ತರಗು ಬಿದ್ದು, ಬಾವಿ ಯಾವುದು ನೆಲ ಯಾವುದು ತಿಳಿಯುವುದಿಲ್ಲ.

ಅದಕ್ಕೇ ನಮ್ಮಲ್ಲಿ ಮುಂದೆ ನಡೆಯುವವರ ಕೈಯಲ್ಲಿ ಮುಂಗೋಲು ಇರುತ್ತೆ, ನೆಲ ಕುಟ್ಟಿ ನೋಡಲು. ಎಲ್ಲರ ಸೊಂಟಕ್ಕೂ ಅಡ್ಡಗೋಲು, ಆಳುದ್ದದ ಬಿದಿರು. ನೆಲ ಕುಸಿದರೆ ಅಂಚಿನ ಬೇರಿಗೋ ಬಳ್ಳಿಗೋ ಸಿಕ್ಕಿ ತಡೆಯಲಿ ಅಂತ. ಜಾಲಿ ಮುಳ್ಳಿನ ನಡುವೆ ಅದನ್ನು ಕಟ್ಟಿಕೊಂಡು ಒಮ್ಮೆ ನಡೆದು ನೋಡಿ. ಬಾಗಿಲಲ್ಲಿ ಅಡ್ಡ ಸಿಕ್ಕಿಬಿದ್ದ ಏಣಿಯಂತೆ ನಿಲ್ಲುತ್ತೀರಿ.

ಹೋದ ಅಮಾವಾಸ್ಯೆಗೆ ನನ್ನ ತಂಗಿ ಹೊನ್ನವ್ವ ಬಿದ್ದಳು. ಮುಂಗೋಲು ಹಿಡಿದವಳು ಅವಳೇ. ಅಡ್ಡಗೋಲು ಒಂದು ಮರದ ಬೇರಿಗೆ ಸಿಕ್ಕಿತು. ನಾವು ಹಗ್ಗ ತರುವ ತನಕ ತೂಗಾಡುತ್ತ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಿದ್ದಳು. ಬೈಗುಳ ಕೇಳುವಷ್ಟು ಹೊತ್ತು ನಮಗೆ ಧೈರ್ಯ. ನಡುವೆ ಒಂದು ಗಳಿಗೆ ಸುಮ್ಮನಾದಳು. ಆ ಗಳಿಗೆಯಲ್ಲಿ ಏರಿದ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನೇ ನಿಮಗೆ ಕಳಿಸುತ್ತಿದ್ದೇನೆ.

ಆ ಬಾವಿಗೆ ಕಟ್ಟೆ ಕಟ್ಟೋಣ ಅಂದರೆ ನಮ್ಮ ಪೂಜಾರಿ ಹುಲಗಪ್ಪ ಅಡ್ಡ ನಿಂತ. ಹಿರಿಯರು ತೆರೆದಿಟ್ಟ ಬಾಯಿ ನಾವು ಮುಟ್ಟಬಾರದಂತೆ. ನಿಮ್ಮ ಹೆಸರು ಹೇಳಿಯೇ ನಮ್ಮ ಬಾಯಿ ಮುಚ್ಚಿಸಲು ನೋಡಿದ. ಹೊನ್ನವ್ವ ತೋಳಿಗೆ ಬಟ್ಟೆ ಕಟ್ಟಿಕೊಂಡು ಅಲ್ಲೇ ಕೂತಿದ್ದಳು.

“ಮುಚ್ಚು ಅಂದವರ್ಯಾರೋ ಹುಲಗಣ್ಣಾ? ತಾಯಿ ಬಾಯಿಗೆ ತುಟಿ ಬ್ಯಾಡೇನು? ತುಟಿ ಕಟ್ಟರಿ ಅನ್ನಾಕತ್ತೀನಿ.”

ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದ. ಆಮೇಲೆ ಎದ್ದು ಹೋಗಿ ಮೊದಲ ಕಲ್ಲು ತಾನೇ ಹೊತ್ತು ತಂದ. ಆ ಒಂದು ಬಾವಿಗೆ ತುಟಿ ಕಟ್ಟಿದೆವು. ಉಳಿದವು ಎಲ್ಲಿವೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವವರು ನೀವೊಬ್ಬರೇ.

ಹೋಗಿ, ಹೋಗಬೇಡಿ ಅನ್ನುವುದಿಲ್ಲ. ಹೊಲ ಬಿಡಿ, ಅಡವಿ ಏಳಲಿ. ಪೂಜೆಯನ್ನೂ ಮಾಡಿ. ಕಾಯಿ ಒಡೆದ ಮೇಲೆ ಕೈ ಒರೆಸಿಕೊಂಡು ಗಾಡಿ ಹತ್ತಬೇಡಿ. ಸೊಂಟದೆತ್ತರ ಕಲ್ಲು ಜೋಡಿಸಿ ಹತ್ತಿ.

ನಾಳೆ ನಾವು ತೆಂಕಣ ದಿಬ್ಬಕ್ಕೆ ಹೋಗಬೇಕು, ಹಣ್ಣು ಕಾಯುವುದಿಲ್ಲ. ಮುಂಗೋಲು ನನಗೆ ಕೊಡು ಅಂದರೆ, ನಿನಗೆ ಕಣ್ಣು ಕಾಣೋದಿಲ್ಲ ಅಂತ ಹೊನ್ನವ್ವ ನನ್ನನ್ನೇ ಹಿಂದೆ ನಿಲ್ಲಿಸಿದ್ದಾಳೆ. ಆ ದಿಬ್ಬ ನಿಮ್ಮಲ್ಲಿ ಯಾರದೋ ಹೊಲ. ಇವತ್ತು ನೀವು ಕಲ್ಲಿಟ್ಟರೆ ನಾಳೆ ಅವಳ ಕೋಲಿಗೆ ಕಲ್ಲು ತಾಕುತ್ತೆ. ಇಡದಿದ್ದರೆ ಏನೂ ತಾಕುವುದಿಲ್ಲ.

ದ್ಯಾಮಪ್ಪ