ಮೇಲಂತಸ್ತಿನ ಮುಂದಿನ ಸೀಟು

ಮಧುವನಹಳ್ಳಿ,
೧೨-೨-೧೯೭೮

ಮುದ್ದು ಮಗ ಕೆಂಪನಂಜಪ್ಪನಿಗೆ ನಿನ್ನವ್ವ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀಯಪ್ಪ? ಡಬಲ್ ಡೆಕರಿನ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋವು ಅಂದಿದ್ದೆಯಲ್ಲ, ಕಡಿಮೆಯಾಯಿತೆ? ಕೊಟ್ಟು ಕಳಿಸಿದ ಎಣ್ಣೆ ಹಚ್ಚಿಕೊ, ಗೂಡಿನಲ್ಲಿಟ್ಟು ನೋಡುತ್ತ ಕೂರಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ರಾಗಿ ಒಕ್ಕಣೆ ಮುಗಿಯಿತು. "ಬಸ್ಸಿನ ಮೇಲೆ ಬಸ್ಸು ಕೂರ್ಸೋರು ಅದ್ಯಾವ ಸೀಮೆ ಜನ" ಎಂದು ನಿಮ್ಮಪ್ಪ ಈಗಲೂ ಬೈಯುತ್ತಾರೆ. ಹಾಗೆ ಬೈಯುವವರೇ ಕೊಳ್ಳೇಗಾಲದ ಸಂತೆಯಲ್ಲಿ ನನ್ನ ಮಗ ಅದರ ಕಂಡಕ್ಟರ್ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಹೋದ ತಿಂಗಳು ಬೆಂಗಳೂರಿಗೆ ಬಂದಾಗ ನೀನು ನನ್ನನ್ನು ಮೇಲಂತಸ್ತಿಗೆ ಹತ್ತಿಸಿದೆಯಲ್ಲ, ಆ ದಿನದ ಮಾತು ಬರೆಯಬೇಕು. ಬಸ್ಸು ತುಂಬಿತ್ತು. ಆದರೂ ಮುಂದಿನ ಗಾಜಿನ ಹತ್ತಿರದ ಸೀಟು ಖಾಲಿ. ಒಂದು ಮಗು ಅಲ್ಲಿಗೆ ಓಡಿತು, ಕೂರಲು ಹೋಗಿ ಸುಮ್ಮನೆ ನಿಂತು ನೋಡಿತು, ತಿರುಗಿ ಬಂದು ತಾಯಿಯ ಸೆರಗು ಹಿಡಿದುಕೊಂಡಿತು. ಬಸ್ಸು ಸಾಲುಮರದ ರಸ್ತೆಗೆ ತಿರುಗಿದಾಗ ಆ ಸೀಟಿನಿಂದ ಕೂಗು ಕೇಳಿಸಿತು: "ತಲೆ ಬಗ್ಸ್ರಪ್ಪೋ, ಕೊಂಬೆ ಬಂತು!" ನಾನು ಬಗ್ಗಿದೆ. ನೀನೂ ಬಗ್ಗಿದೆ. ಮಿಕ್ಕವರು ಯಾರೂ ಅಲುಗಲಿಲ್ಲ. ತಲೆಯ ಮೇಲೆ ತಗಡಿರುವಾಗ ಯಾರು ಬಗ್ಗುತ್ತಾರೆ? ಆಮೇಲೆ ಕೊಂಬೆ ಬಂದು ತಗಡನ್ನು ಕೆರೆಯಿತು. ಯಾಕೆ ಬಗ್ಗಿದೆ ಎಂದು ಕೇಳಿದ್ದಕ್ಕೆ "ಅಭ್ಯಾಸ ಕಣವ್ವ, ಯಾರೋ ಕೂಗ್ತಾರೆ, ಬಗ್ತೀನಿ" ಎಂದು ನಕ್ಕು ಟಿಕೆಟ್ ಕೊಡಲು ಹೋದೆ. ನನಗೆ ನಗು ಬರಲಿಲ್ಲ.

ಆ ದನಿ ನಿನ್ನಣ್ಣ ಗುರುಮಲ್ಲನದು. ಅವನು ತೀರಿಹೋದಾಗ ನಿನಗೆ ಎರಡು ವರ್ಷ, ನೆನಪಿರುವುದಿಲ್ಲ. ಹನೂರಿನ ಬಸ್ಸಿನಲ್ಲಿ ಟಾಪಿನ ಮೇಲೆ ಮುಂದೆ ಕೂತವರು, ಹುಣಸೆ ಕೊಂಬೆ ಬಂದಾಗ ಹಿಂದಿನವರಿಗೆ ಹಾಗೆ ಕೂಗಿ ಹೇಳುವುದು ರೂಢಿ. ಅವತ್ತೂ ಅವನು ಕೂಗಿದ. ಎಲ್ಲರೂ ಬಗ್ಗಿದರು, ಅವನೊಬ್ಬ ಬಗ್ಗಲಿಲ್ಲ. ಹುಡುಗಾಟಕ್ಕೆ ಟಾಪು ಹತ್ತಿದ್ದ ಎಂದು ನಿಮಗೆಲ್ಲ ಹೇಳುತ್ತ ಬಂದಿದ್ದೇನೆ.

ಅಮಾವಾಸ್ಯೆಗೆ ರಜ ಹಾಕಿ ಬಂದು, ಪೆಟ್ಟಿಗೆಯಲ್ಲೇ ಉಳಿದಿರುವ ಆ ಹಳೆಯ ಮುಡಿಪನ್ನು ಮಾದಪ್ಪನ ಬೆಟ್ಟಕ್ಕೆ ಒಪ್ಪಿಸೋಣ ಎಂದು ಬರೆದದ್ದು ಸಂತೋಷ. ಹೊತ್ತಿಗೆ ಸರಿಯಾಗಿ ಉಣ್ಣು. ಡ್ರೈವರ್ ಗೋವಿಂದಯ್ಯನವರಿಗೆ ನಮಸ್ಕಾರ ಹೇಳು. ಮಾದಪ್ಪ ನಿನ್ನ ತಲೆ ಕಾಯಲಿ.

ಇಂತಿ ನಿನ್ನವ್ವ,
ಚನ್ನಾಜಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಮೇಲೆ ಹುಡುಗಾಟ ಎಂದದ್ದು ಸುಳ್ಳು. ನಿನಗೆ ಜ್ವರ ಬಿಡದಿದ್ದಾಗ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದವಳು ನಾನು. ಅದನ್ನು ಒಯ್ಯುವ ದಿನ ಟಾಪಿನ ಮೇಲೂ ಜನ ಹತ್ತಿದರು. ದೇವರ ಮುಡಿಪಿನ ಮೇಲೆ ಯಾರ ಕಾಲೂ ಇರಬಾರದೆಂದು, ಒಳಗೆ ಕೂತಿದ್ದ ಗುರುಮಲ್ಲನನ್ನು ಎಬ್ಬಿಸಿ ಮುಡಿಪಿನ ಜೊತೆ ಮೇಲಕ್ಕೆ ಕಳಿಸಿದೆ. "ಎರಡ್ ಕೈಲೂ ಇಡ್ಕೊ ಕಂದ, ಎದೆಯಿಂದ ಕೆಳೀಕೆ ಇಳಿಸ್ಬೇಡ" ಎಂದು ಅವನ ಕಿವಿಯಲ್ಲಿ ಹೇಳಿದೆ. ಅದಕ್ಕೇ ಅವನು ಬಗ್ಗಲಿಲ್ಲ. ಈ ಮಾತು ಅವನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನೀನು ಕಾಗದದಲ್ಲಿ "ಮುಡಿಪು ತಕಂಡು ನಾನು ಟಾಪಿನ ಮೇಲೆ ಕೂತ್ಕತೀನಿ, ಎರಡ್ ಕೈಲೂ ಇಡ್ಕತೀನಿ, ಎದೆಯಿಂದ ಕೆಳೀಕೆ ಇಳಿಸಲ್ಲ" ಎಂದು ಬರೆದಿದ್ದೀಯ. ಯಾರು ಹೇಳಿಕೊಟ್ಟರು ಮಗ? ಟಾಪು ಹತ್ತಬೇಡ. ಬೆಟ್ಟಕ್ಕೆ ನಡೆದೇ ಹೋಗೋಣ. ಆ ಮುಂದಿನ ಸೀಟಿನವನಿಗೂ ಹೇಳು, ಅವ್ವ ಇನ್ನು ಯಾರನ್ನೂ ಮೇಲಕ್ಕೆ ಕಳಿಸುವುದಿಲ್ಲವಂತೆ, ಅವನೂ ಇಳಿದು ಬರಲಿ.