ಬಲಗಡೆಯ ಪೆಡಲ್

೧೪ ನವೆಂಬರ್, ಶುಕ್ರವಾರ, ಮುಳಬಾಗಿಲು

ಗಂಗಾ ಅವರು ಮನೆಗೆ ಬಂದು ಹೋದಾಗಿನಿಂದ ನನಗೆ ಸಮಾಧಾನವಿಲ್ಲ. ಕ್ಯಾಪ್ಟನ್ ನರೇಶ್ ಅವರ ಹೆಂಡತಿ, ಮಾಲೂರಿನಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ವಿಮಾನ ರನ್‌ವೇಯಿಂದ ಜಾರಿದಾಗ ಕ್ಯಾಪ್ಟನ್ ತೀರಿಕೊಂಡರು. ಪಕ್ಕದ ಸೀಟಿನಲ್ಲಿದ್ದ ಕೋ-ಪೈಲಟ್, ನನ್ನ ತಮ್ಮ ಉಮೇರ್ ಉಳಿದ.

ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ತಯಾರಿಸಿದ್ದೇ ಸರಿಯಿಲ್ಲ ಎಂದು ಏರ್‌ಲೈನ್‌ನವರು, ರಿಪೇರಿ ಸರಿಯಿಲ್ಲ ಎಂದು ವಿಮಾನ ಮಾಡಿದವರು ಇಷ್ಟು ದಿನ ಕಿತ್ತಾಡಿದರು. ಈಗ ಇಬ್ಬರೂ ತಪ್ಪನ್ನು ಸತ್ತವರ ಮೇಲೆ ಹಾಕುತ್ತಿದ್ದಾರೆ. ರಡ್ಡರ್ ತಿರುಗಿಸಲು ಕಾಲಬಳಿ ಇರುವ ಎರಡು ಪೆಡಲ್‌ಗಳಲ್ಲಿ, ಗಾಬರಿಯಲ್ಲಿ ಕ್ಯಾಪ್ಟನ್ ತಪ್ಪು ಪೆಡಲ್ ಒತ್ತಿದರಂತೆ. ಉಮೇರ್ ಹಾಗೆಂದು ಹೇಳಿಕೆ ಕೊಟ್ಟರೆ ಏರ್‌ಲೈನ್‌ನವರು ಅವನನ್ನು ಮತ್ತೆ ಹಾರಲು ಬಿಡುತ್ತಾರಂತೆ, ಇಲ್ಲದಿದ್ದರೆ ಇಲ್ಲ.

ಗಂಗಾ ಚಹಾ ಮುಟ್ಟಲಿಲ್ಲ. "ನಿಜ ಹೇಳಪ್ಪಾ, ನಮ್ಮೋರು ತಪ್ಪು ಮಾಡಿದ್ರಾ?" ಎಂದು ಉಮೇರ್‌ನನ್ನು ಕೇಳಿದರು.

"ಇಲ್ಲ ಅಕ್ಕಾ," ಎಂದ ಉಮೇರ್. " ಬಲಗಡೆ ಒತ್ತಬೇಕಿತ್ತು, ಬಲಗಡೇನೇ ಒತ್ತಿದ್ರು. ಆದ್ರೂ ಪ್ಲೇನ್ ಎಡಕ್ಕೆ ತಿರುಗ್ತು. ಅವರ ಜೊತೆ ನಾನೂ ಒತ್ತಿದೆ. ಆಗ್ಲಿಲ್ಲ."

"ಮಗಳಿಗೆ ಹೇಳ್ತೀನಿ," ಎಂದರು ಗಂಗಾ. "ಸ್ಕೂಲಲ್ಲಿ ಮಕ್ಕಳು ಏನೇನೋ ಅಂತಾರೆ."

ಗಂಗಾ ಅವರ ಎದುರೇ ಉಮೇರ್ ಏರ್‌ಲೈನ್ ಕಂಪನಿಗೆ ಫೋನ್ ಮಾಡಿ, "ನಾನು ಹಾಗೆ ಹೇಳಲ್ಲ ಸಾರ್," ಎಂದ. ಅವನು ಮಾಡಿದ್ದು ಸರಿ. ಸರಿಯೆಂದು ಗೊತ್ತಿದ್ದೂ ಅವನ ಕೈಯಿಂದ ಫೋನ್ ಕಿತ್ತುಕೊಳ್ಳಬೇಕೆನಿಸಿತು ನನಗೆ. ಚಿಕ್ಕಂದಿನಿಂದ ಅವನಿಗೆ ವಿಮಾನ ಬಿಟ್ಟರೆ ಬೇರೆ ಮಾತಿರಲಿಲ್ಲ.

ಊಟಕ್ಕೆ ಕೂತಾಗ, "ಅಬ್ಬಾ, ನಾಳೆಯಿಂದ ನಿಮ್ಮ ಅಂಗಡೀಲಿ ನಾನು ಕೂತ್ಕೋತೀನಿ," ಎಂದ. ಅಬ್ಬಾ ತಲೆ ಎತ್ತದೆ, "ಬಾ ಬೇಟಾ," ಎಂದಷ್ಟೇ ಹೇಳಿದರು. ಪಕ್ಕದ ಕೋಣೆಯಲ್ಲಿ ಉಮೇರ್ ಇನ್ನೂ ಎದ್ದೇ ಇದ್ದಾನೆ. ಹೋಗಿ ಏನು ಹೇಳಲಿ...